ಎರಡು ಆಫೀಸು ಒಂದಾಗುವಾಗ: ಬೇಗವೋ ನಿಧಾನವೋ, ಒಳಗಿನವರೋ ಹೊರಗಿನವರೋ?

ನಿಮ್ಮ ಆಫೀಸು ಇನ್ನೊಂದರ ಜೊತೆ ಸೇರುತ್ತಿದೆ. ಅಥವಾ ಮೇಲೆ ಹೊಸಬರು ಬಂದಿದ್ದಾರೆ, ಇನ್ನು ಎಲ್ಲ ಬದಲಾಗುತ್ತದಂತೆ ಅಂತ ಸುದ್ದಿ ಓಡಾಡುತ್ತಿದೆ. ನಿಮ್ಮ ಕೈಕೆಳಗೆ ಹತ್ತೋ ಇಪ್ಪತ್ತೋ ಜನ ಇದ್ದಾರೆ. ಅವರೆಲ್ಲ ಬೆಳಗ್ಗೆ ಬಂದ ಕೂಡಲೇ ನಿಮ್ಮ ಮುಖ ನೋಡುತ್ತಾರೆ. ಈ ಬರಹ ನಿಮಗಾಗಿ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಬರೀ ಮೂರು ವರ್ಷದಲ್ಲಿ ಕರ್ನಾಟಕದಲ್ಲೇ ಹುಟ್ಟಿದ ನಾಲ್ಕು ದೊಡ್ಡ ಬ್ಯಾಂಕುಗಳ ಹೆಸರಿನ ಬೋರ್ಡು ಕೆಳಗಿಳಿಯಿತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾಕ್ಕೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಮೂರೂ ಸಲ ತಾರೀಕು ಏಪ್ರಿಲ್ 1. ಹೊಸ ಹಣಕಾಸು ವರ್ಷ ಶುರುವಾಗುವ ದಿನ, ಅದಕ್ಕೇ. ಆದರೆ ಆ ತಾರೀಕಿನ ಮೇಲೆ ಜೋಕು ಹೊಡೆಯದ ನೌಕರ ಯಾವ ಬ್ರಾಂಚಿನಲ್ಲೂ ಇರಲಿಲ್ಲ.

ನಾನೂ ಬ್ಯಾಂಕಿನವನೇ. ಕರಾವಳಿಯ ಒಂದು ಸಣ್ಣ ಊರಿನಲ್ಲಿ, ಒಂದೇ ಬೀದಿಯ ಎರಡು ಬ್ರಾಂಚುಗಳು ಒಂದಾದಾಗ ಅಲ್ಲಿದ್ದೆ. ಯಾವ ಬ್ಯಾಂಕು ಅಂತ ಬೇಡ. ಅಲ್ಲಿ ಮಾಡಿದ ತಪ್ಪುಗಳಲ್ಲಿ ಅರ್ಧ ನನ್ನವೇ.

ಮೊದಲು: ನಿಮ್ಮದು ಯಾವ ಬಗೆಯ ಸೇರುವಿಕೆ?

ಇದನ್ನು ನೋಡದೆ ಮುಂದಿನ ಯಾವ ಆಯ್ಕೆಯನ್ನೂ ಮಾಡಬೇಡಿ. ಹೊರಗಿನಿಂದ ಎಲ್ಲ ವಿಲೀನವೂ ಒಂದೇ ಥರ ಕಾಣುತ್ತದೆ. ಒಳಗೆ ಜನ ಕಳೆದುಕೊಳ್ಳುವುದು ಬೇರೆ ಬೇರೆ.

ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನದು ಮನೆಯೊಳಗೇ ಕೋಣೆ ಬದಲಿಸಿದ ಹಾಗೆ. ಅದು 1960ರಿಂದಲೇ ಎಸ್‌ಬಿಐ ಬಳಗದಲ್ಲಿತ್ತು. ಹಾಗಾಗಿ ಕೆಲಸದ ಕ್ರಮ ತೀರಾ ಹೊಸದೇನಲ್ಲ. ಹೋಗಿದ್ದು ಹೆಸರು. 1913ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಬ್ಯಾಂಕು. ಚೆಕ್ಕಿನ ಮೇಲೆ 'ಮೈಸೂರು' ಅನ್ನುವ ಪದ ಇರುವುದಿಲ್ಲ ಅನ್ನುವುದೇ ಹಳಬರಿಗೆ ದೊಡ್ಡ ನೋವು. ಇಂಥ ಕಡೆ ಕೆಲಸದ ಟ್ರೈನಿಂಗಿಗಿಂತ ಒಂದು ಒಳ್ಳೆಯ ಬೀಳ್ಕೊಡುಗೆ ಜಾಸ್ತಿ ಕೆಲಸ ಮಾಡುತ್ತದೆ.

ವಿಜಯಾ ಬ್ಯಾಂಕಿನದು ಬೇರೆ ಕಥೆ. 2017-18ರಲ್ಲಿ ಸರ್ಕಾರಿ ಬ್ಯಾಂಕುಗಳ ಪೈಕಿ ಲಾಭ ತೋರಿಸಿದ್ದು ಎರಡೇ ಎರಡು, ಇಂಡಿಯನ್ ಬ್ಯಾಂಕ್ ಮತ್ತು ವಿಜಯಾ. ಅದಾಗಿ ಕೆಲವೇ ತಿಂಗಳಿಗೆ, 2018ರ ಸೆಪ್ಟೆಂಬರಿನಲ್ಲಿ, ವಿಲೀನದ ಸುದ್ದಿ ಬಂತು. ಜೊತೆಗೆ ಸೇರಿದ ಮೂರನೆಯದು ದೇನಾ ಬ್ಯಾಂಕ್. ಅದು ನಷ್ಟದಲ್ಲಿ ನರಳುತ್ತಿತ್ತು. 'ನಾವು ಚೆನ್ನಾಗಿಯೇ ಇದ್ದೆವಲ್ಲ, ನಮ್ಮನ್ನೇಕೆ?' ಅನ್ನುವ ಪ್ರಶ್ನೆಗೆ 'ಇದೆಲ್ಲ ನಿಮ್ಮ ಒಳ್ಳೆಯದಕ್ಕೇ' ಅಂತ ಉತ್ತರ ಕೊಟ್ಟರೆ ಕೇಳುವವನಿಗೆ ಉರಿಯುತ್ತದೆ, ಅಲ್ವಾ? ಚೆನ್ನಾಗಿ ಕೆಲಸ ಮಾಡಿದ ತಂಡವನ್ನು ಇನ್ನೊಂದಕ್ಕೆ ಸೇರಿಸುವಾಗ ಕಾಪಾಡಿದವರ ಧಾಟಿಯಲ್ಲಿ ಮಾತಾಡಲೇಬಾರದು.

ಸಿಂಡಿಕೇಟ್ ಮತ್ತು ಕೆನರಾ ಹತ್ತಿರದ ನೆಂಟರು. ಎರಡೂ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವೇ. ಕೆನರಾ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು, ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ. ಊಟ, ಮಾತು, ಹಬ್ಬ ಎಲ್ಲ ಒಂದೇ. ಹಾಗಾಗಿ ಸುಲಭ ಅಂತ ಅನಿಸುತ್ತದೆ. ಆದರೆ ನೆಂಟರ ನಡುವೆಯೇ ಲೆಕ್ಕಾಚಾರ ಸೂಕ್ಷ್ಮ. ಯಾರ ಬ್ರಾಂಚ್ ಉಳಿಯಿತು, ಯಾರದು ಮುಚ್ಚಿತು ಅನ್ನುವುದನ್ನು ಇಡೀ ಪೇಟೆ ನೋಡುತ್ತಿರುತ್ತದೆ.

ಬೇಗವೋ, ನಿಧಾನವೋ

ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದೇ ಏಟಿಗೆ ಮುಗಿಸಿಬಿಡಿ ಅನ್ನುವವರು ಒಂದು ಕಡೆ, ಜನರಿಗೆ ಹೊಂದಿಕೊಳ್ಳಲು ಸಮಯ ಕೊಡಿ ಅನ್ನುವವರು ಇನ್ನೊಂದು ಕಡೆ. ನನ್ನ ಪ್ರಕಾರ ಇಬ್ಬರೂ ಅರ್ಧ ಸರಿ. ಕುರ್ಚಿಯ ವಿಷಯ ಬೇಗ ಮುಗಿಯಬೇಕು, ಅಭ್ಯಾಸದ ವಿಷಯ ನಿಧಾನ ಆಗಬೇಕು. ಕುರ್ಚಿ ಅಂದರೆ ಯಾರು ಎಲ್ಲಿ ಕೂರುತ್ತಾರೆ, ಯಾರು ಯಾರಿಗೆ ವರದಿ ಮಾಡಬೇಕು, ಯಾರ ಸೀನಿಯಾರಿಟಿ ಎಲ್ಲಿ ಬರುತ್ತದೆ, ಯಾರಿಗೆ ಟ್ರಾನ್ಸ್‌ಫರ್. ಅಭ್ಯಾಸ ಅಂದರೆ ಚಹಾ ಎಷ್ಟು ಗಂಟೆಗೆ, ಗ್ರಾಹಕರನ್ನು ಹೇಗೆ ಮಾತಾಡಿಸುವುದು, ಫೈಲು ಹೇಗೆ ಕಟ್ಟುವುದು.

ನಾವು ತಲೆಕೆಳಗೆ ಮಾಡಿದೆವು. ಎರಡು ಬ್ರಾಂಚು ಒಂದಾದ ಮೊದಲ ಸೋಮವಾರವೇ ನಾನು ಉತ್ಸಾಹದಲ್ಲಿ ಚಹಾದ ಹೊತ್ತು ಬದಲಿಸಿದೆ, ದಿನಾ ಮನೆಮನೆಗೆ ಹೋಗಿ ಠೇವಣಿ ಕಟ್ಟಿಸಿಕೊಳ್ಳುವ ಪಿಗ್ಮಿ ಏಜೆಂಟರು ಹಣ ಕಟ್ಟುವ ಸಮಯ ಬದಲಿಸಿದೆ, ಕೌಂಟರಿನ ಕ್ರಮಸಂಖ್ಯೆಯನ್ನೂ ಬದಲಿಸಿದೆ. ಅತ್ತ ಇಬ್ಬರು ಮ್ಯಾನೇಜರುಗಳಲ್ಲಿ ಯಾರು ಉಳಿಯುತ್ತಾರೆ ಅನ್ನುವುದು ಎರಡು ತಿಂಗಳಾದರೂ ಮೇಲಿನಿಂದ ಬರಲಿಲ್ಲ. ಒಂದೇ ಕೋಣೆಯಲ್ಲಿ ಎರಡು ಮೇಜು. ಸಾಲದ ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಸಹಿ ಬೀಳುತ್ತಿರಲಿಲ್ಲ. 'ಅವರೇ ನೋಡಲಿ' ಅಂತ ಇವರು, 'ಇವರೇ ಮಾಡಲಿ' ಅಂತ ಅವರು. ಅಡಿಕೆ ವ್ಯಾಪಾರದ ಒಬ್ಬರು ಬಂದು, 'ಎಂತ ಮಾರಾಯ್ರೆ, ನಿಮ್ಮಲ್ಲಿ ಯಜಮಾನ ಯಾರು ಹೇಳಿ, ಅವರಿಗೇ ನಮಸ್ಕಾರ ಹಾಕ್ತೇನೆ' ಅಂದರು. ನಗು ಬಂತು. ಅವರ ಲೋನು ಮಾತ್ರ ಇನ್ನೂ ಮೂರು ವಾರ ಕಾಯಿತು.

ಅದೇ ಬ್ರಾಂಚಿನಲ್ಲಿ ಒಂದು ವಿಷಯಕ್ಕೆ ಮಾತ್ರ ಜಗಳವೇ ಆಗಲಿಲ್ಲ. ಅದು ಸ್ಟ್ರಾಂಗ್ ರೂಮಿನ ಬೀಗದ ಕೈ. ನಿಯಮದ ಪ್ರಕಾರ ಅದು ಇಬ್ಬರ ಬಳಿ ಇರಬೇಕು, ಯಾರ ಬಳಿ ಅಂತ ರಿಜಿಸ್ಟರಿನಲ್ಲಿ ಬರೆದಿರಬೇಕು. ಹಾಗಾಗಿ ಮೊದಲ ದಿನ ಬೆಳಗ್ಗೆಯೇ ತೀರ್ಮಾನ ಆಯಿತು. ಹಳೆಯ ಎರಡೂ ಬ್ರಾಂಚಿನಿಂದ ಒಬ್ಬೊಬ್ಬರು. ಅಲ್ಲಿಗೆ ಮುಗಿಯಿತು. ಆ ಇಬ್ಬರೇ ಎಲ್ಲರಿಗಿಂತ ಮೊದಲು ಸ್ನೇಹಿತರಾದರು. ದಿನಕ್ಕೆರಡು ಸಲ ಒಟ್ಟಿಗೆ ನಿಂತು ಬಾಗಿಲು ತೆಗೆಯಬೇಕು, ಮುಚ್ಚಬೇಕಲ್ಲ. ಇದನ್ನು ನೋಡಿದ ಮೇಲೆ ನನಗೆ ಅನಿಸಿದ್ದು, ಕುರ್ಚಿಗಳ ವಿಷಯವನ್ನೂ ಯಾರಾದರೂ ಹೀಗೇ ಮೊದಲ ದಿನ ಬರೆದು ಹಾಕಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ದೊಡ್ಡ ಮಟ್ಟದಲ್ಲಿ ನೋಡಿದರೂ ಎರಡು ವೇಗ ಒಟ್ಟೊಟ್ಟಿಗೆ ನಡೆದಿವೆ. ಕಾನೂನಿನ ಲೆಕ್ಕದಲ್ಲಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಮುಗಿಯಿತು. ಆದರೆ ಅದರ ಬ್ರಾಂಚುಗಳ ಕಂಪ್ಯೂಟರ್ ವ್ಯವಸ್ಥೆಯನ್ನು ಪೂರ್ತಿ ಸೇರಿಸಿ ಮುಗಿಸಿದ್ದು 2020ರ ಸೆಪ್ಟೆಂಬರಿನಲ್ಲಿ. ಹಳೆಯ ಐಎಫ್‌ಎಸ್‌ಸಿ ಕೋಡು, ಅಂದರೆ ಹಣ ಕಳಿಸುವಾಗ ಬ್ರಾಂಚನ್ನು ಗುರುತಿಸುವ ಕೋಡು, ನಿಂತಿದ್ದು 2021ರ ಮಾರ್ಚಿನಲ್ಲಿ. ಸಿಂಡಿಕೇಟಿನ ಹಳೆಯ ಕೋಡಂತೂ ವಿಲೀನವಾಗಿ ಹದಿನೈದು ತಿಂಗಳು, 2021ರ ಜೂನ್ ಕೊನೆಯ ತನಕ ಬದುಕಿತ್ತು. ಅದು ಸೇರಿದ್ದೇ ಲಾಕ್‌ಡೌನ್ ಶುರುವಾಗಿ ಒಂದು ವಾರಕ್ಕೆ. ಮಾಸ್ಕ್ ಹಾಕಿಕೊಂಡ ಇಬ್ಬರು ಸಹೋದ್ಯೋಗಿಗಳು ಆರು ಅಡಿ ದೂರದಲ್ಲಿ ನಿಂತು ಒಂದೇ ಕುಟುಂಬ ಆಗಬೇಕಾದ ಕಾಲ ಅದು.

ಗ್ರಾಹಕರ ಅಭ್ಯಾಸಕ್ಕೆ ಹೀಗೆ ಹದಿನೈದು ತಿಂಗಳ ರಿಯಾಯಿತಿ ಸಿಗುತ್ತದೆ. ನೌಕರರ ಅಭ್ಯಾಸಕ್ಕೆ ಮಾತ್ರ 'ನಾಳೆಯಿಂದಲೇ' ಅಂತ ಸರ್ಕ್ಯುಲರ್ ಬರುತ್ತದೆ. ಅದೇಕೆ ಹಾಗೆ ಅಂತ ನನಗೆ ಈವರೆಗೂ ಅರ್ಥ ಆಗಿಲ್ಲ.

ಯಾವ ಅಭ್ಯಾಸ ಉಳಿಸಬೇಕು, ಯಾವುದು ಬೇಡ

ಇದಕ್ಕೆ ನಾನು ಒಂದು ಸುಲಭದ ಲೆಕ್ಕ ಇಟ್ಟುಕೊಂಡಿದ್ದೇನೆ. ಆಡಿಟರ್ ಕಣ್ಣಿಗೆ ಬೀಳುವಂಥದ್ದಾದರೆ ಇವತ್ತೇ ಬದಲಿಸಿ, ಚರ್ಚೆ ಬೇಡ. ಗ್ರಾಹಕರ ಕಣ್ಣಿಗೆ ಬೀಳುವಂಥದ್ದಾದರೆ ಸದ್ಯಕ್ಕೆ ಮುಟ್ಟಬೇಡಿ. ನಮ್ಮ ನಮ್ಮೊಳಗೇ ಇರುವಂಥದ್ದಾದರೆ ಕೂತು ಮಾತಾಡಿ, ಬೇಕಾದರೆ ಚೀಟಿ ಎತ್ತಿ.

ಪಿಗ್ಮಿ ಠೇವಣಿ ಎರಡನೆಯ ಗುಂಪಿನದು. 1928ರಲ್ಲಿ ಸಿಂಡಿಕೇಟ್ ಶುರುಮಾಡಿದ್ದು. ಏಜೆಂಟು ದಿನಾ ಮನೆಬಾಗಿಲಿಗೆ, ಅಂಗಡಿಗೆ ಹೋಗಿ ಎರಡಾಣೆಯಷ್ಟು ಚಿಲ್ಲರೆ ಹಣವನ್ನೂ ಕಟ್ಟಿಸಿಕೊಂಡು ಬರುವ ಪದ್ಧತಿ. ಇದನ್ನು ಬರೀ ಒಂದು ಸ್ಕೀಮು ಅಂತ ನೋಡಿದರೆ ಮೊಬೈಲ್ ಆ್ಯಪ್ ಸಾಕು. ಆದರೆ ಯಾರ ಮನೆಯಲ್ಲಿ ಮದುವೆ, ಯಾರ ಅಂಗಡಿ ಮುಚ್ಚುವ ಹಂತದಲ್ಲಿದೆ ಅನ್ನುವ ಸುದ್ದಿ ಬ್ಯಾಂಕಿಗೆ ಬರುತ್ತಿದ್ದುದು ಆ ಏಜೆಂಟರ ಬಾಯಲ್ಲೇ. ನಾನು ಅವರು ಹಣ ಕಟ್ಟುವ ಸಮಯವನ್ನು ಸಂಜೆ ಐದರಿಂದ ಮೂರಕ್ಕೆ ತಂದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಪೇಟೆ ಸುತ್ತಿ ಅವರು ಬಂದು ನಿಲ್ಲುತ್ತಿದ್ದರು, ಉಳಿದರ್ಧ ಮರುದಿನಕ್ಕೆ. ಹದಿನೈದೇ ದಿನದಲ್ಲಿ ತಿರುಗಿ ಐದಕ್ಕೇ ಮಾಡಬೇಕಾಯಿತು.

ಚಹಾ ಮೂರನೆಯ ಗುಂಪಿನದು. ಒಂದು ಬ್ರಾಂಚಿನವರಿಗೆ ಹನ್ನೊಂದಕ್ಕೆ ಮೇಜಿಗೇ ಬರಬೇಕು, ಇನ್ನೊಂದರವರಿಗೆ ಹಿಂದಿನ ಕೋಣೆಯಲ್ಲಿ ಸರದಿ ಮೇಲೆ ಕುಡಿದು ರೂಢಿ. ಕೊನೆಗೆ ಅಟೆಂಡರ್ ಒಬ್ಬರೇ ಪರಿಹಾರ ಹುಡುಕಿದರು. ಕೌಂಟರಿನಲ್ಲಿ ಕೂತವರಿಗೆ ಮೇಜಿಗೆ, ಉಳಿದವರಿಗೆ ಹಿಂದೆ. ನನ್ನನ್ನು ಕೇಳಲೂ ಇಲ್ಲ.

ಒಳಗಿನವರೋ, ಹೊರಗಿನವರೋ

ಬದಲಾವಣೆ ತರಲು ಹೊರಗಿನಿಂದ ಒಬ್ಬರನ್ನು ತರಬೇಕು, ಇದ್ದುದನ್ನು ಉಳಿಸಿಕೊಳ್ಳಲು ಒಳಗಿನವರು ಸಾಕು ಅಂತ ಒಂದು ಮಾತಿದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ.

1993ರಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ ಮುಳುಗುವ ಹಾಗಿತ್ತು. ಆ ಒಂದೇ ವರ್ಷದ ನಷ್ಟ ಸುಮಾರು 8 ಬಿಲಿಯನ್ ಡಾಲರ್. ಆಗ ಬಂದವರು ಲೂ ಗರ್ಸ್ಟ್‌ನರ್, ಬಿಸ್ಕತ್ತು ಸಿಗರೇಟು ಮಾರುವ ಆರ್‌ಜೆಆರ್ ನಬಿಸ್ಕೊ ಕಂಪನಿಯಿಂದ. ಕಂಪ್ಯೂಟರಿನವರೇ ಅಲ್ಲ. ಅವರು ಮಾಡಿದ ದೊಡ್ಡ ತೀರ್ಮಾನ ಏನು ಗೊತ್ತೇ? ಕಂಪನಿಯನ್ನು ತುಂಡು ತುಂಡು ಮಾಡುವ ಹಳಬರ ಯೋಜನೆಯನ್ನು ನಿಲ್ಲಿಸಿದ್ದು. ಹೊರಗಿನವರು ಬಂದು ಮನೆಯನ್ನು ಒಡೆಯದೆ ಉಳಿಸಿದರು.

ಸತ್ಯ ನಾದೆಲ್ಲ ಇದರ ತದ್ವಿರುದ್ಧ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು, 1992ರಿಂದಲೂ ಮೈಕ್ರೋಸಾಫ್ಟಿನಲ್ಲೇ ಇದ್ದವರು. 2014ರ ಫೆಬ್ರವರಿಯಲ್ಲಿ ಸಿಇಒ ಆದರು. ಮುಂದಿನ ತಿಂಗಳೇ ಮೈಕ್ರೋಸಾಫ್ಟಿನ ಆಫೀಸ್ ತಂತ್ರಾಂಶ ಪ್ರತಿಸ್ಪರ್ಧಿ ಆಪಲ್‌ನ ಐಪ್ಯಾಡಿಗೆ ಬಂತು. ಆ ಜುಲೈಯಲ್ಲಿ ಸುಮಾರು 18,000 ಹುದ್ದೆ ಕಡಿತದ ಘೋಷಣೆ ಆಯಿತು. ಅದರಲ್ಲಿ ಬಹುಪಾಲು, ಮೈಕ್ರೋಸಾಫ್ಟ್ ಆಗಷ್ಟೇ ಕೊಂಡಿದ್ದ ನೋಕಿಯಾದ ಫೋನ್ ವಿಭಾಗದಿಂದ ಬಂದವರದು. ಇಪ್ಪತ್ತೆರಡು ವರ್ಷ ಒಳಗಿದ್ದವರ ಕಾಲದಲ್ಲೇ ಇಷ್ಟು ಬದಲಾಯಿತು.

ಇನ್ನು ನಮ್ಮ ಇನ್ಫೋಸಿಸ್. 1981ರಿಂದ 2014ರ ತನಕ ಸ್ಥಾಪಕರೇ ಒಬ್ಬರಾದ ಮೇಲೆ ಒಬ್ಬರು ಸಿಇಒ ಆಗಿದ್ದರು. ಮೊದಲ ಸಲ ಹೊರಗಿನಿಂದ ಬಂದವರು ಜರ್ಮನಿಯ ತಂತ್ರಾಂಶ ಕಂಪನಿ ಸ್ಯಾಪ್‌ನ ವಿಶಾಲ್ ಸಿಕ್ಕಾ. ಸ್ಥಾಪಕರು ಮತ್ತು ಮಂಡಳಿಯ ನಡುವಿನ ತಿಕ್ಕಾಟ ಬೀದಿಗೆ ಬಂತು, 2017ರ ಆಗಸ್ಟಿನಲ್ಲಿ ಸಿಕ್ಕಾ ಬಿಟ್ಟು ಹೋದರು. ಹೊರಗಿನವರು ಆಗಿಬರುವುದಿಲ್ಲ ಅಂತ ಆಗ ತುಂಬ ಜನ ಹೇಳಿದರು. ಆದರೆ 2018ರ ಜನವರಿಯಲ್ಲಿ ಬಂದ ಸಲೀಲ್ ಪಾರೇಖ್ ಕೂಡ ಹೊರಗಿನವರೇ, ಕ್ಯಾಪ್‌ಜೆಮಿನಿಯವರು. ಅವರು ನಿಂತರು. ಏನು ವ್ಯತ್ಯಾಸ? ಅಷ್ಟರಲ್ಲಿ ಸ್ಥಾಪಕರಲ್ಲಿ ಒಬ್ಬರಾದ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದಿದ್ದರು. ಹೊರಗಿನವರ ಬೆನ್ನಿಗೆ ಒಳಗಿನ ಒಬ್ಬರು ನಿಂತಿದ್ದರು. ಇದೊಂದೇ ಕಾರಣ ಅಂತಲ್ಲ, ಆದರೆ ನಾನು ಇದಕ್ಕೆ ಜಾಸ್ತಿ ತೂಕ ಕೊಡುತ್ತೇನೆ.

ಯಾಕೆಂದರೆ ನಮ್ಮ ಸಣ್ಣ ಬ್ರಾಂಚಿನಲ್ಲೂ ಗಾಡಿ ಹಳಿ ಹತ್ತಿದ್ದು ಹೀಗೆಯೇ. ಎರಡು ತಿಂಗಳಾದ ಮೇಲೆ ಇಬ್ಬರು ಮ್ಯಾನೇಜರನ್ನೂ ಬೇರೆ ಕಡೆ ಹಾಕಿ, ಮೂರನೆಯ ಊರಿನಿಂದ ಒಬ್ಬ ಮೇಡಂ ಅವರನ್ನು ಕಳಿಸಿದರು. ಅವರಿಗೆ ನಮ್ಮ ಹಳೆಯ ಲೆಕ್ಕಾಚಾರ ಯಾವುದೂ ಗೊತ್ತಿಲ್ಲ. ಬಂದ ಮೂರನೇ ದಿನಕ್ಕೆ ಯಾರಿಗೆ ಯಾವ ಸೀಟು ಅಂತ ಒಂದು ಹಾಳೆಯಲ್ಲಿ ಬರೆದು ಅಂಟಿಸಿದರು. ಯಾರೂ ಗೊಣಗಲಿಲ್ಲ, ಅವರು ಯಾರ ಕಡೆಯವರೂ ಅಲ್ಲವಲ್ಲ. ಆದರೆ ಗ್ರಾಹಕರ ವಿಷಯ, ಏಜೆಂಟರ ವಿಷಯ ಬಂದಾಗ, 'ಇದನ್ನು ನೀವೇ ಹೇಳಿ' ಅಂತ ಹಳಬರನ್ನು ಕೂರಿಸಿಕೊಂಡು ಕೇಳುತ್ತಿದ್ದರು. ಕುರ್ಚಿ ಹಂಚಲು ಹೊರಗಿನವರು ಒಳ್ಳೆಯದು, ಅಭ್ಯಾಸ ಬದಲಿಸಲು ಒಳಗಿನವರೇ ಬೇಕು. ನಿಮಗೆ ಇಬ್ಬರನ್ನೂ ಇಟ್ಟುಕೊಳ್ಳಲು ಸಾಧ್ಯವಾದರೆ ಇದೇ ಕ್ರಮದಲ್ಲಿ ಕೆಲಸ ಹಂಚಿ. ಒಬ್ಬರೇ ಸಿಗುವುದಾದರೆ, ಸದ್ಯಕ್ಕೆ ಯಾವ ಜಗಳ ಜೋರಾಗಿದೆ ಅಂತ ನೋಡಿ ಆರಿಸಿ.

ಮುಂಚೆಯೇ ಹೇಳುವುದೋ, ಖಚಿತವಾದ ಮೇಲೋ

ಮುಂಚೆಯೇ ಹೇಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ನೀವು ಹೇಳದಿದ್ದರೆ ವಾಟ್ಸ್ಯಾಪ್ ಹೇಳುತ್ತದೆ.

ಸಿಂಡಿಕೇಟ್, ಕಾರ್ಪೊರೇಷನ್ ಸೇರಿ ಹತ್ತು ಸರ್ಕಾರಿ ಬ್ಯಾಂಕುಗಳನ್ನು ನಾಲ್ಕು ಮಾಡುವ ಘೋಷಣೆ ಬಂದಿದ್ದು 2019ರ ಆಗಸ್ಟ್ 30ಕ್ಕೆ, ಜಾರಿಯಾಗಿದ್ದು ಮರುವರ್ಷದ ಏಪ್ರಿಲ್ 1ಕ್ಕೆ. ನಡುವೆ ಏಳು ತಿಂಗಳು. ಯಾರ ಕೆಲಸವೂ ಹೋಗುವುದಿಲ್ಲ ಅಂತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ್ದರು. ಒಳ್ಳೆಯ ಭರವಸೆಯೇ. ಆದರೆ ನಾನು ಮಾತಾಡಿಸಿದ ನೌಕರರಲ್ಲಿ ಕೆಲಸ ಹೋಗುತ್ತದೆ ಅಂತ ಹೆದರಿದವರು ಕಡಿಮೆ. ಅವರ ಭಯ ಬೇರೆ. ಮಗಳು ಹತ್ತನೇ ಕ್ಲಾಸು, ಈ ವರ್ಷ ಟ್ರಾನ್ಸ್‌ಫರ್ ಆದರೆ? ಪ್ರಮೋಷನ್ ಸಾಲಿನಲ್ಲಿ ನನ್ನ ಮುಂದೆ ಅವರ ಬ್ಯಾಂಕಿನವರು ಎಷ್ಟು ಜನ ಬಂದು ನಿಲ್ಲುತ್ತಾರೆ? ಇದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ.

ಹಾಗಾಗಿ ಭರವಸೆ ಕೊಡುವ ಮೊದಲು ಭಯ ಯಾವುದು ಅಂತ ಕೇಳಿ. ಒಟ್ಟಿಗೆ ಮೀಟಿಂಗಿನಲ್ಲಿ ಯಾರೂ ಹೇಳುವುದಿಲ್ಲ. ಒಬ್ಬೊಬ್ಬರನ್ನೇ, ಸಾಧ್ಯವಾದರೆ ಆಫೀಸಿನ ಹೊರಗೆ ಕೇಳಿ. ಆಮೇಲೆ ವಾರಕ್ಕೊಂದು ಸಲ ಎಲ್ಲರ ಮುಂದೆ ನಿಂತು ಯಾವುದು ತೀರ್ಮಾನ ಆಗಿದೆ, ಯಾವುದು ಯಾವ ತಾರೀಕಿಗೆ ಆಗುತ್ತದೆ, ಯಾವುದು ನಿಮ್ಮ ಕೈಯಲ್ಲೇ ಇಲ್ಲ ಅಂತ ಹೇಳಿ. ಕೊನೆಯದನ್ನು ಹೇಳಲು ಬಾಸ್‌ಗಳಿಗೆ ನಾಚಿಕೆ. 'ಇದು ನನ್ನ ಕೈಯಲ್ಲಿಲ್ಲ' ಅಂದರೆ ಮರ್ಯಾದೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ನಮ್ಮ ಮೇಡಂ ಅದನ್ನು ಸಲೀಸಾಗಿ ಹೇಳುತ್ತಿದ್ದರು. ಅದನ್ನು ಕೇಳಿದ ಮೇಲೆ ಜನ ಅವರ ಉಳಿದ ಮಾತನ್ನೂ ನಂಬತೊಡಗಿದರು.

'ಇ' ಅನ್ನುವ ಅಕ್ಷರ

ವಿಲೀನ ಆದ ಮೇಲೆ ಕಾಗದಪತ್ರಗಳಲ್ಲಿ 'ಇ-ವಿಜಯಾ', 'ಇ-ಸಿಂಡಿಕೇಟ್' ಅಂತ ಬರುತ್ತಿತ್ತು. ಇದೇನೋ ಆನ್‌ಲೈನ್ ಬ್ಯಾಂಕು ಅಂದುಕೊಂಡ ಗ್ರಾಹಕರೂ ಇದ್ದರು. ಅದು 'ಹಿಂದಿನ' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ಅರ್ಸ್ಟ್‌ವೈಲ್' ಪದದ ಮೊದಲ ಅಕ್ಷರ, ಅಷ್ಟೇ.

ಬ್ರಾಂಚಿಗೆ, ಖಾತೆಗೆ ಈ ಗುರುತು ಬೇಕಾಗುತ್ತದೆ. ಕಂಪ್ಯೂಟರ್ ಪೂರ್ತಿ ಸೇರುವ ತನಕ ಬೇರೆ ದಾರಿಯಿಲ್ಲ. ಮನುಷ್ಯರಿಗೆ ಅಂಟಿದರೆ ಕಷ್ಟ. 'ಅವರು ಇ-ಯವರು' ಅಂತ ಒಂದು ಸಲ ಬಾಯಿಗೆ ಬಂದರೆ ಹೋಗುವುದಿಲ್ಲ. ಇಲ್ಲಿ ಎರಡು ದಾರಿ ಇವೆ. ಗುರುತನ್ನು ಪೂರ್ತಿ ನಿಷೇಧಿಸುವುದು, ಅಥವಾ ತಾನಾಗಿ ಹೋಗಲಿ ಅಂತ ಬಿಡುವುದು. ನಿಷೇಧಿಸಿದರೆ ಜನ ಗುಟ್ಟಾಗಿ ಹೇಳುತ್ತಾರೆ, ಇನ್ನೂ ಕೆಟ್ಟದ್ದು. ತಾನಾಗಿ ಹೋಗಲು ವರ್ಷಗಳೇ ಬೇಕು. ಇಬ್ಬರಿಬ್ಬರಿಗೆ ಒಟ್ಟಿಗೆ ಮಾಡಲೇಬೇಕಾದ ಒಂದು ಕೆಲಸ ಕೊಡುವುದೇ ನಾನು ಕಂಡ ದಾರಿ, ಆ ಬೀಗದ ಕೈಯ ಹಾಗೆ. ಸ್ನೇಹಕೂಟ, ಆಟೋಟ, ಒಂದೇ ಬಣ್ಣದ ಟೀಶರ್ಟು ಇವೆಲ್ಲ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲೂ ಇವರು ಇವರ ಜೊತೆ, ಅವರು ಅವರ ಜೊತೆಯೇ ಊಟಕ್ಕೆ ಕೂರುತ್ತಾರೆ. ನಾನೇ ಕೂತಿದ್ದೆ.

ಒಂದು ಮಾತು ಸೇರಿಸಬೇಕು. ಯಾವ ಬ್ಯಾಂಕೂ ಶುದ್ಧ ಒಂದೇ ಬೇರಿನದಲ್ಲ. ವಿಜಯಾ ಬ್ಯಾಂಕೇ 1960ರ ದಶಕದಲ್ಲಿ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡು ಬೆಳೆದದ್ದು. ಆ ಒಂಬತ್ತರ ನೌಕರರಿಗೂ ಒಂದು ಕಾಲಕ್ಕೆ ಏನೋ ಒಂದು 'ಇ' ಇದ್ದಿರಬೇಕು.

ನೀವು ಬಾಸ್ ಅಲ್ಲದಿದ್ದರೆ

ಆಗ ಆಯ್ಕೆ ಮೂರು. ಉಳಿಯುವುದು, ಟ್ರಾನ್ಸ್‌ಫರ್ ಕೇಳುವುದು, ಬಿಡುವುದು. ಮೊದಲ ಆರು ತಿಂಗಳ ಸಿಟ್ಟಿನಲ್ಲಿ ಬಿಡಬೇಡಿ. ಆ ಗೊಂದಲ ಬಹುಪಾಲು ಕುರ್ಚಿಯ ಗೊಂದಲ, ಅದು ಹೇಗೋ ಒಂದು ದಿನ ಮುಗಿಯುತ್ತದೆ. ಕುರ್ಚಿಗಳೆಲ್ಲ ತೀರ್ಮಾನವಾದ ಮೇಲೂ ಬೆಳಗ್ಗೆ ಆಫೀಸಿಗೆ ಹೋಗಲು ಮನಸ್ಸಾಗದಿದ್ದರೆ ಆಗ ಯೋಚಿಸಿ. ಟ್ರಾನ್ಸ್‌ಫರ್ ಕೇಳುವುದಾದರೆ ಬೇಗ ಕೇಳಿ. ಪಟ್ಟಿ ಸಿದ್ಧವಾದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮತ್ತೆ, ಈ ವಾರವೇ ಒಂದು ಕೆಲಸ ಮಾಡಿ. ಹಳೆಯ ಕಂಪ್ಯೂಟರ್ ವ್ಯವಸ್ಥೆ ಇನ್ನೂ ತೆರೆಯುತ್ತಿರುವಾಗಲೇ ನಿಮ್ಮ ರಜೆ ಬಾಕಿ, ಪಿಎಫ್ ನಾಮಿನಿ, ಸೇರಿದ ತಾರೀಕು, ಸಾಲದ ಕಂತಿನ ವಿವರ ಎಲ್ಲ ಪ್ರಿಂಟ್ ತೆಗೆದು ಮನೆಯಲ್ಲಿ ಇಡಿ. ನನ್ನ ಹದಿನೇಳು ದಿನದ ರಜೆ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲೇ ಕಾಣೆಯಾಯಿತು. ನಾಲ್ಕು ತಿಂಗಳು ಪತ್ರ ಬರೆದ ಮೇಲೆ ವಾಪಸ್ ಬಂತು. ಹೆಂಡತಿ ಹಳೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ಒಂದು ಪ್ರಿಂಟ್ ಹಾಳೆ ಇತ್ತು, ಅದರಿಂದ.